ರೇಡಿಯೇಟರಿಂಗೆ ಬಾವಿ ನೀರು

ಮನೆಲಿ ಕಾರು ಇಪ್ಪೋರು ಕೇಳ್ತ ಪ್ರಶ್ನೆಗೊ ಹೆಚ್ಚಾಗಿ ಒಂದೇ ನಮೂನೆ. ನೀರು ಇದ್ದೋ, ಬೇಟ್ರಿ ಎಂತಕೆ ಹಿಡಿತ್ತಿಲ್ಲೆ, ಘಾಟಿ ಇಳಿವಗ ಬ್ರೇಕು ಎಂತಕೆ ಬೆಶಿ ಆವ್ತು? ಪ್ರಶ್ನೆ ಹಳತ್ತೇ, ಕೆಲವರ ಉತ್ತರ ಮಾಂತ್ರ ಕಾಲಕಾಲಕ್ಕೆ ಬದಲಿದ್ದು. ಅದು ಗೊಂತಿಲ್ಲದ್ದೆ ಆನೊಂದು ಎಂಜಿನಿನ ಹಾಳು ಮಾಡಿದ್ದೆ. ಹಾಂಗಾಗಿ ಈ ಚರಿತ್ರೆ.

ಎನ್ನ ಅಪ್ಪನ ಮನೆ ಬಂಟ್ವಾಳ ತಾಲೂಕಿನ ವಿಟ್ಲ ಹೊಡೆಲಿ. ಎರಡ್ನೇ ಮಹಾಯುದ್ಧದ ಸಮಯಲ್ಲಿ ಪೆಟ್ರೋಲಿಂಗೆ ರೇಶನ್ ಆಗಿ, ಬಸ್ಸಿಂಗೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಹೊತ್ಸಿ, ಆ ಗ್ಯಾಸಿಲಿ ಓಡ್ಸಿಗೊಂಡಿತ್ತಿದ್ದವಡ. ಅಜ್ಜ° ಹೇಳುಗು, ಅಂಬಗಾಣ ಪ್ರಶ್ನೆ ಒಂದೇ: "ಕಿಚ್ಚು ಹಿಡುದತ್ತೋ?"

ಆನು 1990ರಲ್ಲಿ ಮದುವೆ ಆಗಿ ಉಜಿರೆ ಹೊಡೆಂಗೆ ಬಪ್ಪಗ ಮಾವನ ಹತ್ತರೆ ಹಳೆ ಅಂಬಾಸಿಡರ್ ಇತ್ತು. ಅದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ನಮೂನೆದು. ಹಿಂದುಸ್ತಾನ್ ಮೋಟರ್ಸಿನವು 2014ರ ವರೆಗುದೆ ಮಾಡಿದವು. ಬೀಡು ಕಬ್ಬಿಣದ ದಪ್ಪ ಎಂಜಿನು. ಚಾರ್ಮಾಡಿ ಘಾಟಿ ಹತ್ತುವಗ ನೀರು ಕೊದಿಗು. ಮಾವ° ಕೂಡ್ಲೇ ನಿಲ್ಸಿ, ಬೋನೆಟ್ಟು ನೆಗ್ಗಿ, ಪೆಟ್ರೋಲು ಪಂಪಿನ ಮೇಲೆ ಚೆಂಡಿ ಬೈರಾಸು ಹಾಕುಗು. ಬೆಶಿಗೆ ಪೆಟ್ರೋಲು ಆವಿ ಆದರೆ ಎಂಜಿನಿಂಗೆ ಎತ್ತುತ್ತಿಲ್ಲೆ, ಅದಕ್ಕೆ. ರೇಡಿಯೇಟರಿನ ಮುಚ್ಚಲಿನ ಮಾಂತ್ರ ತಣಿಯದ್ದೆ ಮುಟ್ಟವು. "ಆವಿ ಹೋಗದ್ದೆ ಕುಕ್ಕರಿನ ಮುಚ್ಚಲು ತೆಗೆತ್ತೆಯೋ ಕೂಸೆ?" ಹೇಳಿ ಕೇಳಿತ್ತಿದ್ದವು ಒಂದಾರಿ. ಬೇಟ್ರಿಗೆ ಡಿಸ್ಟಿಲ್ಡ್ ವಾಟರ್ ಅವು ಹಾಕುಗು. ರೇಡಿಯೇಟರಿಂಗೆ ಶೆನಿವಾರ ಒಂದು ಚೆಂಬು ಬಾವಿ ನೀರು ಹಾಕುದು ಎನ್ನ ಕೆಲಸ.

ದೇಶಕ್ಕೆ ಮಾರುತಿ 800 ಬಂದದು 1983ರ ದಶಂಬ್ರಲ್ಲಿ. 2000ದ ಫೆಬ್ರವರಿಂದ ಎಲ್ಲಾ ಕಡೆ ಸೀಸ ಇಲ್ಲದ್ದ ಪೆಟ್ರೋಲು. ಅದೇ ಸಮಯಲ್ಲಿ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು. ಚೋಕ್ ಎಳವ ಕೆಲಸ ತಪ್ಪಿತ್ತು, ಚೆಂಡಿ ಬೈರಾಸುದೆ ಬೇಡದ್ದಾತು. ಆದರೆ ಎನ್ನ ಚೆಂಬು ನಿಂದಿದಿಲ್ಲೆ.

2016ರಲ್ಲಿ ಹೊಸ ಸಣ್ಣ ಕಾರು ತೆಗದೆಯೊ. ಎರಡು ವರ್ಷ ಕಳುದಪ್ಪಗ ಬೆಳಿ ಟೇಂಕಿಲಿ ಕೂಲಂಟು ಕಮ್ಮಿ ಆದ್ದು ಕಂಡತ್ತು. ಆನು ಆರ ಹತ್ತರೂ ಕೇಳದ್ದೆ ವಾರ ವಾರ ಬಾವಿ ನೀರು ತುಂಬುಸಿದೆ. 2019ರಲ್ಲಿ ಮೂಡುಬಿದಿರೆಲಿಪ್ಪ ಮಗಳ ಸೀಮಂತಕ್ಕೆ ಹೆರಟೆಯೊ. ಗುರುವಾಯನಕೆರೆ ಕಳುದು ವೇಣೂರು ದಾಂಟಿಯಪ್ಪಗ ಕೆಂಪು ದೀಪ ಹೊತ್ತಿತ್ತು. ಇವು ನಿಲ್ಸುವ ಹೇಳಿದವು. "ಹೊಗೆ ಇಲ್ಲೆನ್ನೆ, ಮುಹೂರ್ತ ತಪ್ಪುಗು, ಹೋಪೊ" ಹೇಳಿದ್ದು ಆನು. ರಜ್ಜ ಮುಂದೆ ಎಂಜಿನು ನಿಂದತ್ತು. ಸೀಮಂತಕ್ಕೆ ಎತ್ತುವಗ ಎಲೆ ತೆಗದಾಗಿತ್ತು.

ಹೆಡ್ ಗ್ಯಾಸ್ಕೆಟ್ ಹೋಗಿ, ಹೆಡ್ಡುದೆ ಬೆಂಡಾಗಿತ್ತು. ಮಗಳ ಬಾಳಂತನಕ್ಕೆ ಮಡುಗಿದ ಪೈಸೆ ಅದಕ್ಕೆ ಹೋತು. "ಅಮ್ಮಾ, ಇದಕ್ಕೆ ಯಾವ ನೀರು ಹಾಕಿದ್ದು?" ಹೇಳಿ ಮೆಕ್ಯಾನಿಕ್ ಕೇಳುವಗ ತಲೆ ತಗ್ಗುಸಿದೆ.

ಅವನೇ ವಿವರ್ಸಿದ°. ಈಗಾಣದ್ದು ಮುಚ್ಚಿದ ವ್ಯವಸ್ಥೆ, ವಾರಕ್ಕೊಂದಾರಿ ಕಮ್ಮಿ ಅಪ್ಪಲೇ ಆಗ. ಕಮ್ಮಿ ಆವ್ತು ಹೇಳಿರೆ ಎಲ್ಲೋ ಸೋರ್ತು. ಆನು ನೀರು ತುಂಬುಸಿ ತುಂಬುಸಿ ಆ ರೋಗವ ಹುಗ್ಗುಸಿದ್ದು. ಕೂಲಂಟಿಲಿ ಕೊದಿವದರ ತಡವ, ತುಕ್ಕು ಹಿಡಿಯದ್ದ ಹಾಂಗೆ ಮಾಡ್ತ ಮದ್ದಿರ್ತು. ಬರೀ ನೀರು ಸೇರಿರೆ ಅದರ ಶೆಗ್ತಿ ಹೋವ್ತು. ಈಗಾಣ ಅಲ್ಯೂಮಿನಿಯಂ ಹೆಡ್ಡು ಬೆಶಿಗೆ ಬೇಗ ಬೆಂಡಾವ್ತು.

ಎನಗೆ ಬೇಜಾರಾದ್ದು ಇದು: ಮಾವ° ಕಲುಶಿದ್ದರಲ್ಲಿ ಹಳತ್ತಾದ ಪಾಠವ, ನೀರು ಹಾಕುದರ, ಬಿಡದ್ದೆ ಹಿಡ್ಕೊಂಡೆ. ಈಗಳೂ ಸರಿಯಾಗಿಪ್ಪ ಪಾಠವ, ಕೂಡ್ಲೇ ನಿಲ್ಸುದರ, ಮರದೆ.

ಹಾಂಗಾಗಿ ಈಗ ಆನು ಹೇಳುದಿಷ್ಟೆ. ಉದಿಯಪ್ಪಗ ಎಂಜಿನು ತಣ್ಣಂಗೆ ಇಪ್ಪಗ ಟೇಂಕಿನ ಎರಡು ಗೆರೆಯ ಮಧ್ಯಲ್ಲಿ ಕೂಲಂಟು ಇದ್ದೋ ನೋಡಿ. ಕಮ್ಮಿ ಆವ್ತಾ ಇದ್ದರೆ ತೋರ್ಸಿ. ದಾರಿಲಿ ಗತಿ ಇಲ್ಲದ್ದರೆ, ತಣುದ ಮತ್ತೆ ನೀರು ಹಾಕಿ ವರ್ಕ್‌ಶಾಪಿನ ವರೆಗೆ ಹೋಪಲಕ್ಕು. ಮತ್ತೆ ಅದರ ಖಾಲಿ ಮಾಡ್ಸಿ ಸರಿಯಾದ ಕೂಲಂಟು ಹಾಕ್ಸೆಕ್ಕು. ಈಗಾಣ ಸುಮಾರು ಬೇಟ್ರಿಗೊಕ್ಕೆ ನೀರು ಬೇಡ. ಆದರೆ ಮಳೆಗಾಲಲ್ಲಿ ಕಾರು ವಾರಗಟ್ಲೆ ನಿಂದರೆ ಚಾರ್ಜು ಇಳಿತ್ತು. ಘಾಟಿ ಹತ್ತಿದ ಗೇರಿಲೇ ಇಳಿಯೆಕ್ಕು, ಬರೀ ಬ್ರೇಕಿಲಿ ಇಳಿವಲಾಗ. ಇದು ಅಂಬಾಸಿಡರಿಂದ ಇಂದಿನ ವರೆಗೆ ಬದಲಿದ್ದಿಲ್ಲೆ.

ಧರ್ಮಸ್ಥಳಕ್ಕೆ ಹೋದರೆ ಅಲ್ಲಿ ಹೆಗ್ಗಡೆಯವು ಒಟ್ಟು ಮಾಡಿದ ಹಳೆ ಕಾರುಗಳ ನೋಡಿ. ಮತ್ತೆ ಮನೆಗೆ ಬಂದು ನಿಂಗಳ ಕಾರಿನ ಡ್ಯಾಶ್‌ಬೋರ್ಡಿಲಿಪ್ಪ ಪುಸ್ತಕವ ಒಂದಾರಿ ಓದಿ. ಎಂಗಳ ಕಾರಿಂದು ಮೂರು ವರ್ಷ ಪ್ಲಾಸ್ಟಿಕ್ ತೊಟ್ಟೆಲೇ ಇತ್ತು.