ಬಸ್ಸಿನ ಜಾಡು, ವೇಳಾಪಟ್ಟಿಯ ಪರೀಕ್ಷೆ

2012ರಲ್ಲಿ ಕೆಎಸ್‌ಆರ್‌ಟಿಸಿ ಮೈಸೂರಿನ ನಗರ ಸಾರಿಗೆಯ ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಉಪಕರಣ ಅಳವಡಿಸಿತು. ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ ಈ ಯೋಜನೆ, ದೇಶದ ನಗರ ಬಸ್ ಸೇವೆಯಲ್ಲಿ ಅಷ್ಟು ವಿಸ್ತಾರವಾಗಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಎಂಟಿಸಿ ಅದೇ ದಾರಿ ಹಿಡಿಯಿತು. 2023ರಲ್ಲಿ ‘ನಮ್ಮ ಬಿಎಂಟಿಸಿ’ ಆ್ಯಪ್ ಬಂತು; ಬಸ್ ಎಲ್ಲಿದೆ ಎಂಬುದನ್ನು ಪ್ರಯಾಣಿಕರೂ ಅದರಲ್ಲಿ ನೋಡಬಹುದು.

ಇಂಥ ಯೋಜನೆಗಳ ಬಗ್ಗೆ ಚರ್ಚೆಯಾದಾಗಲೆಲ್ಲ ಎರಡು ಪ್ರಯೋಜನಗಳ ಹೆಸರು ಮೊದಲು ಬರುತ್ತದೆ: ಪ್ರಯಾಣಿಕರಿಗೆ ಮಾಹಿತಿ, ಚಾಲಕರ ಮೇಲೆ ನಿಗಾ. ಮೂರನೆಯದೊಂದಿದೆ, ಅದರ ಕಡೆಗೆ ಗಮನ ಹೋಗುವುದು ಕಡಿಮೆ. ತಿಂಗಳುಗಟ್ಟಲೆ ಕೂಡಿಟ್ಟ ಜಾಡಿನ ದಾಖಲೆಯಿಂದ ವೇಳಾಪಟ್ಟಿಯನ್ನೇ ಪರೀಕ್ಷೆಗೆ ಒಡ್ಡಬಹುದು. ಸಾರ್ವಜನಿಕ ಸಂಸ್ಥೆಗೆ ಈ ತಂತ್ರಜ್ಞಾನದ ನಿಜವಾದ ಲಾಭ ಇರುವುದು ಅಲ್ಲೇ ಎಂಬುದು ಈ ಲೇಖನದ ವಾದ.

ಉಪಗ್ರಹಗಳು ಬಸ್ಸನ್ನು ನೋಡುವುದಿಲ್ಲ. ಸುಮಾರು 20,200 ಕಿ.ಮೀ. ಎತ್ತರದಿಂದ ಅವು ಸಮಯದ ಸಂಕೇತಗಳನ್ನು ಬಿತ್ತರಿಸುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತನ್ನ ಜಾಗವನ್ನು ಲೆಕ್ಕ ಹಾಕಿಕೊಳ್ಳುವುದು ಬಸ್ಸಿನೊಳಗಿನ ಪೆಟ್ಟಿಗೆ. ಅದು ಮೊಬೈಲ್ ಜಾಲದ ಮೂಲಕ ವಾಹನದ ಗುರುತು, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ಗಂಟೆ-ನಿಮಿಷ-ಸೆಕೆಂಡುಗಳನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ, ಒಂದು ರಸ್ತೆಯಲ್ಲಿರುವ ಬಸ್ ನಕ್ಷೆಯಲ್ಲಿ ಪಕ್ಕದ ರಸ್ತೆಗೆ ಹಾರಿದಂತೆ ಕಾಣುವುದುಂಟು. ಲಂಡನ್ನಿನಲ್ಲಿ ಬಸ್ಸುಗಳ ಜಾಡು ಹಿಡಿಯುವ ಐಬಸ್ ವ್ಯವಸ್ಥೆ 2009ರ ಹೊತ್ತಿಗೆ ಸುಮಾರು 8,000 ಬಸ್ಸುಗಳಿಗೆ ವಿಸ್ತರಿಸಿತು. ಅದು ಉಪಗ್ರಹವನ್ನಷ್ಟೇ ನಂಬಲಿಲ್ಲ. ಚಕ್ರದ ಸುತ್ತು ಎಣಿಸುವ ಓಡೋಮೀಟರ್, ತಿರುವು ಅಳೆಯುವ ಗೈರೋಸ್ಕೋಪ್ ಎರಡನ್ನೂ ಜತೆಗಿಟ್ಟುಕೊಂಡಿತು. ನಕ್ಷೆಯ ಮೇಲಿನ ಚುಕ್ಕೆಯನ್ನು ಸಾಕ್ಷಿಯಾಗಿ ಬಳಸುವವರು ಉಪಗ್ರಹದ ಈ ಮಿತಿಯನ್ನು ಮರೆಯುವಂತಿಲ್ಲ.

ಒಂದು ಚುಕ್ಕೆಯಿಂದ ಏನೂ ತಿಳಿಯದು. ಬಸ್ ಆ ಹೊತ್ತಿಗೆ ಎಲ್ಲಿರಬೇಕಿತ್ತು ಎಂಬುದರೊಂದಿಗೆ ಹೋಲಿಸಿದಾಗಷ್ಟೇ ‘ತಡ’ ಎನ್ನಲು ಬರುತ್ತದೆ. ಎಲ್ಲಿರಬೇಕಿತ್ತು ಎಂದು ಹೇಳುವುದು ವೇಳಾಪಟ್ಟಿ. ಬಿಎಂಟಿಸಿ ಡಿಪೋಗಳಲ್ಲಿ ಎಲ್ಲರ ಬಾಯಲ್ಲಿರುವ ‘ಫಾರಂ-4’ ಅದೇ. ಯಾವ ಟ್ರಿಪ್ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ನಿಮಿಷದಲ್ಲಿ ಮುಗಿಯಬೇಕು ಎಂಬುದೆಲ್ಲ ಅದರಲ್ಲಿದೆ. ಮೆಟ್ರೊ ಕಾಮಗಾರಿಗೆ ರಸ್ತೆ ಕಿರಿದಾಗಿ, ಸಿಗ್ನಲ್‌ಗಳು ಹೆಚ್ಚಿ, ವಾಹನಗಳ ಸಂಖ್ಯೆ ಏರಿದ ಮೇಲೂ ಆ ನಿಮಿಷಗಳು ಹಳೆಯವೇ ಆಗಿ ಉಳಿದರೆ ಚಾಲಕರು ಪ್ರತಿದಿನವೂ ತಪ್ಪಿತಸ್ಥರಾಗುತ್ತಾರೆ. ಊಟದ ಬಿಡುವು ಕರಗುತ್ತದೆ, ಕೊನೆಯ ಟ್ರಿಪ್ ರದ್ದಾಗುತ್ತದೆ. ಕಾಯುತ್ತ ನಿಂತ ಪ್ರಯಾಣಿಕರಿಗೆ ಕಾಣುವುದು ಬಾರದ ಬಸ್ ಮಾತ್ರ.

ಅಮೆರಿಕದ ಪೋರ್ಟ್‌ಲೆಂಡ್ ನಗರದ ಟ್ರೈಮೆಟ್ ಸಂಸ್ಥೆ ಈ ಗಂಟನ್ನು 1990ರ ದಶಕದ ಕೊನೆಯಲ್ಲೇ ಬಿಡಿಸಲು ಹೊರಟಿತ್ತು. ಬಸ್ಸುಗಳ ಜಾಡನ್ನು ಆ ಕ್ಷಣಕ್ಕೆ ನೋಡಿ ಬಿಟ್ಟುಬಿಡದೆ, ಪ್ರತಿ ನಿಲ್ದಾಣದ ಸಮಯವನ್ನೂ ದಾಖಲೆಯಾಗಿ ಉಳಿಸಿಕೊಂಡಿತು. ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಟ್ರಾತ್‌ಮನ್ ಮತ್ತು ಸಂಗಡಿಗರು ಆ ದಾಖಲೆಯ ಮೇಲೆ ಸರಣಿ ಅಧ್ಯಯನ ನಡೆಸಿದರು. ಪೀಟರ್ ಫರ್ತ್ ಮತ್ತು ಸಹಲೇಖಕರು 2006ರಲ್ಲಿ ಪ್ರಕಟಿಸಿದ, ಅಮೆರಿಕದ ಸಾರಿಗೆ ಸಂಶೋಧನಾ ಕಾರ್ಯಕ್ರಮವಾದ ಟಿಸಿಆರ್‌ಪಿಯ 113ನೆಯ ವರದಿ ಇದನ್ನೇ ಒಂದು ವಿಧಾನವಾಗಿ ಬೆಳೆಸಿತು.

ವಿಧಾನ ಸರಳವಾಗಿದೆ. ಬೆಳಗಿನ ಎಂಟರಿಂದ ಒಂಬತ್ತರ ನಡುವೆ ಹೊರಡುವ ಒಂದು ಮಾರ್ಗದ ನೂರು ಟ್ರಿಪ್‌ಗಳ ದಾಖಲೆ ಕೈಯಲ್ಲಿದೆ ಎಂದುಕೊಳ್ಳೋಣ. ಅವುಗಳ ಸರಾಸರಿ 60 ನಿಮಿಷ ಎಂದು ಫಾರಂಗೆ ಬರೆದರೆ ಹೆಚ್ಚುಕಡಿಮೆ ಅರ್ಧದಷ್ಟು ಟ್ರಿಪ್‌ಗಳು ಹುಟ್ಟುವಾಗಲೇ ತಡವಾದವು. ನೂರರಲ್ಲಿ 85 ಟ್ರಿಪ್‌ಗಳಿಗೆ ಸಾಲುವ ಸಮಯ, 68 ನಿಮಿಷವೆಂದಿಟ್ಟುಕೊಂಡರೆ, ಅದನ್ನು ಬರೆದಾಗ ಚಾಲಕರಿಗೆ ಪಾಲಿಸಬಹುದಾದ ಗುರಿ ಸಿಗುತ್ತದೆ. ಇದಕ್ಕೆ ಬೆಲೆಯೂ ಇದೆ: ಪ್ರತಿ ಟ್ರಿಪ್‌ಗೆ ಎಂಟು ನಿಮಿಷ ಹೆಚ್ಚಿದರೆ, ಅಷ್ಟೇ ಅಂತರದಲ್ಲಿ ಸೇವೆ ನಡೆಸಲು ಬಸ್ಸುಗಳು ಹೆಚ್ಚು ಬೇಕಾಗಬಹುದು. ಆ ಖರ್ಚನ್ನು ಆಡಳಿತ ಮಂಡಳಿ ಬಹಿರಂಗವಾಗಿ ಚರ್ಚಿಸಲಿ. ಚಾಲಕರ ಬಿಡುವಿನಿಂದ ಕದ್ದು ತುಂಬಿಸುವುದು ನ್ಯಾಯವಲ್ಲ.

ಇಂಧನ, ಡೆಡ್ ಕಿಲೋಮೀಟರ್ (ಪ್ರಯಾಣಿಕರಿಲ್ಲದ ಓಟ), ಲಾಗ್ ಬುಕ್ಕಿನ ತಾಳೆ ಮುಂತಾದ ಉಳಿತಾಯಗಳೂ ಉಂಟು. ಡೀಸೆಲ್ ಲೆಕ್ಕವನ್ನೂ ನಿಜಕ್ಕೂ ಓಡಿದ ದೂರವನ್ನೂ ಹೋಲಿಸುವ ಕೆಲಸ ಈಗ ಯಾವ ಇಲಾಖೆಗೂ ಕಷ್ಟವಲ್ಲ.

ಕಷ್ಟವಿರುವುದು ಮನುಷ್ಯರ ವಿಷಯದಲ್ಲಿ. 2020ರಲ್ಲಿ ಚಂಡೀಗಢದ ಪೌರಕಾರ್ಮಿಕರಿಗೆ ಜಿಪಿಎಸ್ ಕೈಗಡಿಯಾರ ತೊಡಿಸಿದಾಗ ಅವರು ಬೀದಿಗಿಳಿದು ಪ್ರತಿಭಟಿಸಿದರು. ವಾಹನದ ಜಾಡಿಗೂ ಮೈಮೇಲಿನ ಜಾಡಿಗೂ ಅಂತರ ದೊಡ್ಡದು, ನಿಜ. ಆದರೂ ಒಂದೇ ಬಸ್ಸನ್ನು ದಿನವಿಡೀ ಓಡಿಸುವವರ ಮಟ್ಟಿಗೆ ಬಸ್ಸಿನ ದಾಖಲೆ ಅವರದೇ ದಿನಚರಿ: ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಲ್ಲವೂ ಅದರಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಬೇಕೆಂದಿತು. ಸಾರಿಗೆ ಸಂಸ್ಥೆಗಳ ದಾಖಲೆಗೂ ಇದೇ ಅಳತೆ ಹಿಡಿಯಬೇಕು. ಯಾವ ಅಧಿಕಾರಿ ನೋಡಬಹುದು, ಎಷ್ಟು ತಿಂಗಳು ಇಡಬಹುದು, ಶಿಸ್ತುಕ್ರಮಕ್ಕೆ ಯಾವಾಗ ಬಳಸಬಹುದು ಎಂಬುದು ಉಪಕರಣ ಜೋಡಿಸುವ ಮೊದಲೇ ಬರಹದಲ್ಲಿರಬೇಕು. ತಡವಾದ ಆರೋಪದ ಮೇಲೆ ಇಲಾಖಾ ವಿಚಾರಣೆ ಎದುರಿಸುವ ಚಾಲಕರಿಗೆ ಆ ದಿನದ ಜಾಡಿನ ಜತೆಗೆ, ಅದೇ ಮಾರ್ಗದಲ್ಲಿ ಅದೇ ಹೊತ್ತಿಗೆ ಓಡಿದ ಉಳಿದ ಬಸ್ಸುಗಳ ಸಮಯವನ್ನೂ ಕೇಳಿ ಪಡೆದು, ತಮ್ಮ ಪರವಾಗಿ ಹಾಜರುಪಡಿಸುವ ಹಕ್ಕು ಸೇವಾ ನಿಯಮದಲ್ಲೇ ಸೇರಬೇಕು.