ಮರಳುನಾಡಿನ ಕಲ್ಲು, ಬತ್ತದ ಗದ್ದೆಯ ಗೊಬ್ಬರ: ಸಿಂದ್ರಿಯ ಜಿಪ್ಸಮ್ ಚರಿತ್ರೆ

ಸಿಂದ್ರಿ ಗೊಬ್ಬರ ಕಾರ್ಖಾನೆ ಎಂದೊಡನೆ ನೆನಪಾಗುವುದು ಧನಬಾದಿನ ಕಲ್ಲಿದ್ದಲು, ದಾಮೋದರ ನದಿಯ ನೀರು, 1952ರ ಮಾರ್ಚ್ 2ರಂದು ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದ ಸಂಗತಿ. ಆ ಕಾರ್ಖಾನೆಗೆ ಇವೆರಡರಷ್ಟೇ ಅಗತ್ಯವಾಗಿದ್ದ ಮೂರನೆಯ ಕಚ್ಚಾವಸ್ತು ಜಿಪ್ಸಮ್. ಅದು ಸಿಂದ್ರಿಯ ಸುತ್ತಮುತ್ತ ಎಲ್ಲೂ ಸಿಗುವಂಥದ್ದಲ್ಲ. ಆದರೂ ಸ್ವತಂತ್ರ ಭಾರತ ತನ್ನ ಮೊದಲ ದೊಡ್ಡ ಗೊಬ್ಬರ ಕಾರ್ಖಾನೆಯನ್ನು ಈ ಕಲ್ಲನ್ನು ನೆಚ್ಚಿಕೊಂಡೇ ಕಟ್ಟಿತು. ಅದಕ್ಕಿದ್ದ ಕಾರಣ ಗಂಧಕದ ಅಭಾವ.

ಗಂಧಕವನ್ನು ಒಳಗೊಂಡ ಸಲ್ಫೇಟ್ ಖನಿಜಗಳು ಹಲವು. ಆಂಧ್ರಪ್ರದೇಶದ ಮಂಗಂಪೇಟೆಯ ಬರೈಟ್ ತನ್ನ ತೂಕದಿಂದಾಗಿ ತೈಲಬಾವಿ ಕೊರೆಯುವವರಿಗೆ ಬೇಕು. ಪಟಿಕ, ಮೈಲುತುತ್ತ ನಮ್ಮ ಮನೆ, ತೋಟಗಳಿಗೆ ಹಳೆಯ ಪರಿಚಯ. ಇವೆಲ್ಲಕ್ಕಿಂತ ಹೆಚ್ಚು ಹರಡಿಕೊಂಡಿರುವುದು ಜಿಪ್ಸಮ್, ಆಯುರ್ವೇದದ ಗೋದಂತಿ. ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೆದು ಕಲ್ಲು ಅದು. ಒಂದು ಚೂರನ್ನು ಗಾಜಿನ ಪ್ರನಾಳದಲ್ಲಿಟ್ಟು ಕಾಯಿಸಿ ನೋಡಿ: ಪ್ರನಾಳದ ತಣ್ಣನೆಯ ಬಾಯಿಯ ಬಳಿ ನೀರಹನಿಗಳು ಕಟ್ಟುತ್ತವೆ. ಒಣಗಿದಂತೆ ಕಾಣುವ ಆ ಕಲ್ಲಿನ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ. ಹದವಾಗಿ ಕಾಯಿಸಿ ಆ ನೀರಿನ ಮುಕ್ಕಾಲು ಪಾಲು ಹೋಗಲಾಡಿಸಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಸಿಮೆಂಟಿನ ಗಟ್ಟಿಯನ್ನು ಅರೆಯುವಾಗ ನೂರಕ್ಕೆ ಮೂರರಿಂದ ಐದು ಪಾಲು ಜಿಪ್ಸಮ್ ಬೆರೆಸದಿದ್ದರೆ, ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಸಿಮೆಂಟು ಬಿಗಿದುಕೊಂಡುಬಿಡುತ್ತದೆ.

ಸಮುದ್ರದ ನೀರು ಆವಿಯಾಗುತ್ತ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಾಗ ಜಿಪ್ಸಮ್ ಹರಳುಗಟ್ಟತೊಡಗುತ್ತದೆ; ಉಪ್ಪು ಹರಳುಗಟ್ಟಲು ನೀರು ಹತ್ತನೆಯ ಒಂದು ಪಾಲಿಗೆ ಇಳಿಯಬೇಕು. ಉಪ್ಪಿನ ಗಣಿಯಿದ್ದಲ್ಲಿ ಜಿಪ್ಸಮ್ ಇರುವುದು ಈ ಕಾರಣಕ್ಕೆ. ಈ ನೆರೆಹೊರೆಯೇ ಮುಂದೆ ಸಿಂದ್ರಿಯ ಯೋಜನೆಯನ್ನು ಕಾಡಿತು.

ಸಿಂದ್ರಿಯಲ್ಲಿ ತಯಾರಾಗಬೇಕಿದ್ದ ಗೊಬ್ಬರ ಅಮೋನಿಯಂ ಸಲ್ಫೇಟ್. ಅದನ್ನು ತಯಾರಿಸುವ ರೂಢಿಯ ಮಾರ್ಗವೆಂದರೆ ಅಮೋನಿಯವನ್ನು ಗಂಧಕಾಮ್ಲದೊಡನೆ ಕೂಡಿಸುವುದು. ಮೈಸೂರಿನ ಬಳಿಯ ಬೆಳಗೊಳದಲ್ಲಿ 1930ರ ದಶಕದ ಕೊನೆಗೆ ಆರಂಭವಾದ ಕಾರ್ಖಾನೆ ದೇಶದಲ್ಲೇ ಮೊದಲು ಅಮೋನಿಯ ತಯಾರಿಸಿತು. ಆದರೆ ಅದು ಚಿಕ್ಕದು. 1943ರ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಮೇಲೆ ವರ್ಷಕ್ಕೆ 3.5 ಲಕ್ಷ ಟನ್ ಗೊಬ್ಬರದ ಯೋಜನೆ ಸಿದ್ಧವಾಯಿತು. ಅಷ್ಟು ಆಮ್ಲಕ್ಕೆ ಬೇಕಾದ ಗಂಧಕದ ನಿಕ್ಷೇಪ ನಮ್ಮಲ್ಲಿರಲಿಲ್ಲ. ಹಾಗಾಗಿ ಜಿಪ್ಸಮ್ಮಿನ ಒಳಗಿರುವ ಸಲ್ಫೇಟನ್ನೇ ಬಿಡಿಸಿಕೊಳ್ಳುವ ಮಾರ್ಗವನ್ನು ಹಿಡಿಯಲಾಯಿತು.

ಆ ಕ್ರಮ ಸರಳ. ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಕೂಡಿದ ದ್ರಾವಣಕ್ಕೆ ಜಿಪ್ಸಮ್ ಪುಡಿ ಹಾಕಿ ಕಲಕುತ್ತಾರೆ. ಕ್ಯಾಲ್ಸಿಯಂ ಕಾರ್ಬೋನೇಟ್ ನೀರಿನಲ್ಲಿ ಕರಗದ್ದರಿಂದ ಸುಣ್ಣದ ಕೆಸರಾಗಿ ತಳಕ್ಕಿಳಿಯುತ್ತದೆ. ಸಲ್ಫೇಟ್ ಅಮೋನಿಯದ ಜೊತೆ ದ್ರಾವಣದಲ್ಲೇ ಉಳಿಯುತ್ತದೆ. ಸೋಸಿ ಇಂಗಿಸಿದರೆ ಬಿಳಿಯ ಹರಳು. ಕೆಸರೂ ಹಾಳಾಗಲಿಲ್ಲ, ಪಕ್ಕದಲ್ಲೇ ಎದ್ದ ಸಿಮೆಂಟ್ ಕಾರ್ಖಾನೆಗೆ ಹೋಯಿತು. ಲೆಕ್ಕದ ಪ್ರಕಾರ 132 ಟನ್ ಗೊಬ್ಬರಕ್ಕೆ 172 ಟನ್ ಶುದ್ಧ ಜಿಪ್ಸಮ್ ಬೇಕು. 3.5 ಲಕ್ಷ ಟನ್ನಿಗೆ 4.5 ಲಕ್ಷ ಟನ್ನಿಗೂ ಹೆಚ್ಚು. ಮಣ್ಣು ಬೆರೆತ ಕಲ್ಲಾದರೆ ಇನ್ನಷ್ಟು.

ಇಷ್ಟು ಕಲ್ಲು ಪಂಜಾಬಿನ ಉಪ್ಪಿನ ಬೆಟ್ಟಸಾಲಿನಿಂದ, ಖೇವ್ರಾ ಕಡೆಯಿಂದ ಬರಲೆಂಬುದು ಮೊದಲ ಎಣಿಕೆ. 1947ರ ಗಡಿರೇಖೆ ಉಪ್ಪಿನ ಗಣಿಯ ಜೊತೆಗೆ ಜಿಪ್ಸಮ್ಮನ್ನೂ ಪಾಕಿಸ್ತಾನಕ್ಕೆ ಸೇರಿಸಿತು. ಉಳಿದದ್ದು ರಾಜಸ್ಥಾನ: ಬಿಕಾನೇರ್ ಸೀಮೆಯ ಜಾಮಸರ್‌ನಂಥ ಕಡೆ, ಹಳೆಯ ಕೆರೆಗಳು ಬತ್ತಿದ ತಗ್ಗುಗಳಲ್ಲಿ, ಮರಳಿನ ತೆಳು ಹೊದಿಕೆಯ ಕೆಳಗೆ ಹಾಸಿಕೊಂಡಿರುವ ನಿಕ್ಷೇಪ. ಅಗೆಯುವುದು ಸುಲಭ, ಸಾಗಿಸುವುದು ಕಷ್ಟ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ರೈಲುದಾರಿ. 1951ರ ಅಕ್ಟೋಬರ್ 31ರಂದು ಸಿಂದ್ರಿಯಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷ ಜಗತ್ತಿನಲ್ಲೇ ಗಂಧಕದ ಅಭಾವ ತಲೆದೋರಿ ದೇಶದೇಶಗಳಿಗೆ ಪಾಲು ಹಂಚಬೇಕಾದ ಪರಿಸ್ಥಿತಿ ಬಂದಿತ್ತು. ಜಿಪ್ಸಮ್ಮನ್ನು ಆರಿಸಿಕೊಂಡವರ ನಿರ್ಧಾರ ದುಬಾರಿಯಾದರೂ ಸರಿಯಾಗಿತ್ತು ಎನ್ನಲು ನನಗೆ ಇದೊಂದೇ ಸಾಕ್ಷಿ ಸಾಕು.

ಮುಂದೆ ಯೂರಿಯಾ ಬಂತು. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ ಶೇ. 21, ಯೂರಿಯಾದಲ್ಲಿ ಶೇ. 46. ಮೂಟೆ ಹೊರುವ ಲೆಕ್ಕದಲ್ಲಿ ಯೂರಿಯಾ ಗೆದ್ದಿತು. ಆದರೆ ಹಳೆಯ ಗೊಬ್ಬರದಲ್ಲಿ ಶೇ. 24ರಷ್ಟು ಗಂಧಕವೂ ಇತ್ತು, ಯೂರಿಯಾದಲ್ಲಿ ಅದು ಸೊನ್ನೆ. ಸಾರಜನಕವನ್ನಷ್ಟೇ ಎಣಿಸಿದವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಿಂದ್ರಿಯ ಹಳೆಯ ಕಾರ್ಖಾನೆ 2002ರಲ್ಲಿ ಮುಚ್ಚಿತು.

ನಷ್ಟದ ಲೆಕ್ಕ ನಮ್ಮ ಹೊಲಗಳಲ್ಲೇ ಬಯಲಾಯಿತು. ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಡನೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತುವು, ಬೋರಾನ್‌ಗಳ ಜೊತೆಗೆ ಗಂಧಕದ ಕೊರತೆಯೂ ವ್ಯಾಪಕವಾಗಿ ಕಂಡಿತು. ಪರಿಹಾರವಾಗಿ ರೈತರಿಗೆ ಕೊಟ್ಟ ಮೂಟೆಗಳಲ್ಲಿ ಜಿಪ್ಸಮ್ ಇತ್ತು. ಶೇಂಗಾ ಬೆಳೆಯುವವರಿಗೆ ಇದರಿಂದ ಇಮ್ಮಡಿ ಲಾಭ. ಶೇಂಗಾದ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂವು ಬಿಟ್ಟು ಎಳೆ ಮಣ್ಣಿಗಿಳಿಯುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಮ್ ಹಾಕಿ ಮಣ್ಣು ಏರಿಸಿ.