ಇಂಗ್ಲಿಷ್ ನಡೆಯುವ ದೇಶ ಯಾವುದು?

ಬೆಳ್ತಂಗಡಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಅವಳು ಮೂಡುಬಿದಿರೆಯಲ್ಲಿ ನರ್ಸಿಂಗ್ ಓದಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ದುಡಿದವಳು. "ಮಾಸ್ಟ್ರೆ, ಇವಳಿಗೆ ಯುರೋಪಿಗೆ ಹೋಗಬೇಕಂತೆ. ಇಂಗ್ಲಿಷ್ ಒಂದೇ ಗೊತ್ತಿದ್ದರೆ ಸಾಕಾಗುವ ದೇಶ ಯಾವುದು? ನೀವು ಚರಿತ್ರೆ ಪಾಠ ಮಾಡಿದವರಲ್ಲವೇ?" ಎಂದು ಕೇಳಿದ. ಅಡಿಕೆ ತೋಟದ ಮೇಲೆ ಸಾಲ ಎತ್ತಲು ಕಾಗದಪತ್ರ ಸಿದ್ಧಪಡಿಸಿ ಚೀಲದಲ್ಲಿಟ್ಟುಕೊಂಡೇ ಬಂದಿದ್ದ. ಆದುದರಿಂದ ಬಾಯಿಗೆ ಬಂದ ಉತ್ತರ ಕೊಡುವಂತಿರಲಿಲ್ಲ.

ಇಂಗ್ಲಿಷಿಗೆ ಅಧಿಕೃತ ಸ್ಥಾನವಿರುವ ದೇಶಗಳನ್ನು ಯುರೋಪಿನ ನಕ್ಷೆಯಲ್ಲಿ ಗುರುತಿಸಿದರೆ ಹಳೆಯ ಬ್ರಿಟಿಷ್ ಸಾಮ್ರಾಜ್ಯವೇ ಕಾಣುತ್ತದೆ. ಬ್ರಿಟನ್ನನ್ನು ಬಿಟ್ಟರೆ ಉಳಿಯುವುದು ಐರ್ಲೆಂಡ್ ಮತ್ತು ಮಾಲ್ಟಾ. ಬ್ರಿಟನ್ 2020ರಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬಂದಿರುವುದರಿಂದ ಒಕ್ಕೂಟದೊಳಗೆ ಇವೆರಡೇ. ಐರ್ಲೆಂಡಿನಲ್ಲಿ ಸಂವಿಧಾನದ ಪ್ರಕಾರ ಮೊದಲನೆಯ ಅಧಿಕೃತ ಭಾಷೆ ಐರಿಷ್, ಇಂಗ್ಲಿಷ್ ಎರಡನೆಯದು. ಆದರೆ 1840ರ ದಶಕದ ಮಹಾಕ್ಷಾಮದಲ್ಲಿ ಸತ್ತವರಲ್ಲಿಯೂ ಹಡಗು ಹತ್ತಿದವರಲ್ಲಿಯೂ ಐರಿಷ್ ಆಡುವ ಬಡ ರೈತರೇ ಬಹಳ. ಇಂದು ನಮ್ಮ ಮಕ್ಕಳು ಡಬ್ಲಿನ್ನಿನಲ್ಲಿ ನಿರಾತಂಕವಾಗಿ ಇಂಗ್ಲಿಷ್ ಮಾತನಾಡುವುದರ ಹಿಂದೆ ಇಂತಹದೊಂದು ನಷ್ಟವಿದೆ. 1964ರಲ್ಲಿ ಸ್ವತಂತ್ರವಾದ ಮಾಲ್ಟಾದ ಕಥೆ ಬೇರೆ. ಅಲ್ಲಿಯವರು ಮನೆಯಲ್ಲಿ ಅರಬ್ಬಿಯ ಕುಲಕ್ಕೆ ಸೇರಿದ ಮಾಲ್ಟೀಸನ್ನು, ಕಚೇರಿಯಲ್ಲಿ ಇಂಗ್ಲಿಷನ್ನು ಆಡುತ್ತಾರೆ. ಇಟಾಲಿಯನ್ ಬಲ್ಲವರೂ ಅನೇಕ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ನೆರೆಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಬಂಟ್ವಾಳದವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ನೆದರ್‌ಲ್ಯಾಂಡ್ಸ್, ಸ್ವೀಡನ್, ಡೆನ್ಮಾರ್ಕುಗಳಲ್ಲಿ ಇಂಗ್ಲಿಷಿಗೆ ಅಧಿಕೃತ ಸ್ಥಾನವಿಲ್ಲದಿದ್ದರೂ ಬೀದಿಯಲ್ಲಿ ಯಾರನ್ನು ಕೇಳಿದರೂ ಇಂಗ್ಲಿಷಿನಲ್ಲಿ ದಾರಿ ಹೇಳಿಯಾರು. ಕಂಪ್ಯೂಟರ್ ಎಂಜಿನಿಯರನಿಗೆ ಅಷ್ಟು ಸಾಕಾಗಬಹುದು. ಆದರೆ ದಾದಿಯ ಕೆಲಸ ಹಾಗಲ್ಲ. ನಡುರಾತ್ರಿ ನೋವಿನಿಂದ ಎಚ್ಚತ್ತ ಎಂಬತ್ತರ ಮುದುಕಿ ತನ್ನ ತಾಯಿನುಡಿಯಲ್ಲಿ ನರಳುತ್ತಾಳೆಯೇ ಹೊರತು ಇಂಗ್ಲಿಷಿನಲ್ಲಿ ಅಲ್ಲ. ಜರ್ಮನಿಯು ನಮ್ಮ ನರ್ಸಿಂಗ್ ಪದವಿಯನ್ನು ಮಾನ್ಯ ಮಾಡುವಾಗ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುವುದು ಈ ಕಾರಣಕ್ಕೆ. ಐರ್ಲೆಂಡಿನಲ್ಲಿ ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆಯ ಅಂಕ ತೋರಿಸಿ ಅಲ್ಲಿಯ ನರ್ಸಿಂಗ್ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಹಾದಿ ಹತ್ತಿರದ್ದೇ. ಆದರೆ ಡಬ್ಲಿನ್ನಿನಲ್ಲಿ ಬಾಡಿಗೆಗೆ ಮನೆ ಸಿಗುವುದು ದುಸ್ತರ, ಸಿಕ್ಕಿದರೆ ಸಂಬಳದ ದೊಡ್ಡ ಪಾಲು ಅದಕ್ಕೇ.

"ಗಲ್ಫಿನಲ್ಲಿ ನನ್ನ ಭಾವ ಇಪ್ಪತ್ತೆಂಟು ವರ್ಷ ಇದ್ದ. ಅರಬ್ಬಿ ಕಲಿತೇ ಇಲ್ಲ" ಎಂದ ತಂದೆ. ನಿಜವೇ. ಗಲ್ಫಿಗೆ ಹೋದವನಿಗೆ ಅಲ್ಲಿಯ ಪೌರತ್ವ ದೊರೆಯದು. ಎಂದಾದರೂ ಊರಿಗೆ ಮರಳಲೇಬೇಕೆಂಬ ಅರಿವಿನಿಂದಲೇ ಅವನು ವಿಮಾನ ಹತ್ತುತ್ತಿದ್ದ. ಯುರೋಪಿಗೆ ಹೋಗುವವರ ಮನಸ್ಸಿನಲ್ಲಿರುವುದು ನೆಲೆಸುವ ಆಸೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದಾದರೂ ಅದಕ್ಕೆ ಬಿ1 ಮಟ್ಟದ ಜರ್ಮನ್ ಬೇಕು. ಭಾರತವು ಇಮ್ಮಡಿ ಪೌರತ್ವವನ್ನು ಒಪ್ಪದಿರುವುದರಿಂದ ನಮ್ಮ ಪಾಸ್‌ಪೋರ್ಟನ್ನು ಆಗ ಬಿಟ್ಟುಕೊಡಬೇಕು. ಎಷ್ಟು ವರ್ಷಕ್ಕೆ ಹೋಗುತ್ತೀ ಎಂಬ ಪ್ರಶ್ನೆಯನ್ನು ಇಂಗ್ಲಿಷ್ ನಡೆಯುತ್ತದೆಯೇ ಎಂಬ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕೆಂದು ನಾನು ಆ ಹುಡುಗಿಗೆ ಹೇಳಿದೆ.

ಅನಂತರ ನಮ್ಮ ಮಾತು ಈ ಹಾದಿಯಲ್ಲಿ ಎದುರು ದಿಕ್ಕಿನಿಂದ ಬಂದವರ ಕಡೆಗೆ ಹೊರಳಿತು. 1833ರ ಚಾರ್ಟರ್ ಕಾಯ್ದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದೂಸ್ತಾನದ ಬಾಗಿಲು ತೆರೆಯಿತು. ಮರುವರ್ಷ, 1834ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಶನ್ನಿನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಆಳುವವರ ಭಾಷೆ ಇಂಗ್ಲಿಷ್, ಇವರ ಭಾಷೆ ಜರ್ಮನ್, ಊರಿನ ಭಾಷೆ ತುಳು, ಬರವಣಿಗೆಯ ಭಾಷೆ ಕನ್ನಡ. ಇಂಗ್ಲಿಷ್ ಹಿಡಿದುಕೊಂಡು ಕಲೆಕ್ಟರರ ಬಂಗಲೆಯವರೆಗೆ ಹೋಗಬಹುದಿತ್ತೇ ವಿನಾ ಬಂಟ್ವಾಳದ ಸಂತೆಯಲ್ಲಿ ಉಪ್ಪು ಕೊಳ್ಳಲಾಗುತ್ತಿರಲಿಲ್ಲ. ಕಲಿತರು. ಅವರ ನಂತರ ಬಂದ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನು, ಮ್ಯಾನರ್ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. 1878ರ ಕೊನೆಯಲ್ಲಿ ಬಂದ ಇಟಲಿಯ ಜೆಸ್ವಿಟ್ ಪಾದ್ರಿಗಳ ಪೈಕಿ ಮಾಫೇಯಿ ಕೊಂಕಣಿಗೆ ವ್ಯಾಕರಣವನ್ನೂ ನಿಘಂಟನ್ನೂ ಮಾಡಿಕೊಟ್ಟ.

1853ರಲ್ಲಿ, 21ರ ಪ್ರಾಯದಲ್ಲಿ, ಇಲ್ಲಿಗೆ ಬಂದ ಕಿಟೆಲ್ ತನ್ನ ನಿಘಂಟನ್ನು ಅಚ್ಚಿನಲ್ಲಿ ಕಂಡದ್ದು 1894ರಲ್ಲಿ. ಅದರಲ್ಲಿ ಸುಮಾರು 70,000 ಪದಗಳಿವೆ. ನನ್ನನ್ನು ಪ್ರತಿಸಲವೂ ಯೋಚನೆಗೆ ಹಚ್ಚುವುದು ಅದು ಕನ್ನಡ–ಇಂಗ್ಲಿಷ್ ನಿಘಂಟು ಎಂಬ ಸಂಗತಿ. ಕನ್ನಡದ ಪದಗಳಿಗೆ ಜರ್ಮನಿಯವನೊಬ್ಬ ತನ್ನದಲ್ಲದ ಮೂರನೆಯ ಭಾಷೆಯಲ್ಲಿ ಅರ್ಥ ಬರೆದ. ಇಂಗ್ಲಿಷ್ ಅವನಿಗೆ ನದಿ ದಾಟುವ ದೋಣಿಯಾಗಿತ್ತು. ಮನೆ ಕಟ್ಟಿದ್ದು ದಡದ ಮೇಲೆ.

ಇವರನ್ನು ಹೊಗಳುತ್ತಲೇ ಕೂರುವುದು ನನ್ನ ಉದ್ದೇಶವಲ್ಲ. ಮತಪ್ರಚಾರಕ್ಕೆಂದೇ ಬಂದವರು ಅವರು. ಭೂತಾರಾಧನೆಯನ್ನು ಖಂಡಿಸಲೆಂದೇ ಅದನ್ನು ಅಭ್ಯಸಿಸಿದವರೂ ಅವರಲ್ಲಿದ್ದರು. ಇನ್ನು, ಭಾಷೆ ಕಲಿತ ಮಾತ್ರಕ್ಕೆ ಪರದೇಶ ಕಾಪಾಡುತ್ತದೆ ಎನ್ನಲೂ ಬರುವುದಿಲ್ಲ. 1914ರಲ್ಲಿ ಮಹಾಯುದ್ಧ ತೊಡಗಿದಾಗ ಸರಕಾರವು ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು ಬಳಿಕ ಊರಿಗೆ ಅಟ್ಟಿತು. ತುಳು ಬರುತ್ತದೆ ಎಂದು ಯಾರೂ ರಿಯಾಯಿತಿ ತೋರಲಿಲ್ಲ. 1865ರಲ್ಲಿ ಅವರು ಆರಂಭಿಸಿದ ಹಂಚಿನ ಉದ್ಯಮ ಮಾತ್ರ ನಮ್ಮ ಮಾಡುಗಳ ಮೇಲೆ ಉಳಿಯಿತು. ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಅಂತಹ ಹಂಚಿನ ಕೆಳಗೆ ಕುಳಿತೇ ನನ್ನಿಂದ ಮಗ್ಗಿ ಹೇಳಿಸಿಕೊಂಡವರು.

ಹುಡುಗಿ ಎಲ್ಲವನ್ನೂ ಕೇಳಿ, "ಹಾಗಾದರೆ ಐರ್ಲೆಂಡ್ ಬೇಡವೇ, ಮಾಸ್ಟ್ರಜ್ಜ?" ಎಂದಳು. ಬೇಡವೆಂದು ನಾನು ಹೇಳಲಿಲ್ಲ. ನಾಲ್ಕೈದು ವರ್ಷ ದುಡಿದು ಮರಳುವುದಾದರೆ ಐರ್ಲೆಂಡೇ ಸರಿ. ಅಲ್ಲಿಯೇ ಸಂಸಾರ ಹೂಡುವ ಮನಸ್ಸಿದ್ದು, ಒಂದೆರಡು ವರ್ಷ ಕಲಿಕೆಗೆ ಕೊಡುವ ತಾಳ್ಮೆಯಿದ್ದರೆ ಜರ್ಮನಿಯನ್ನೂ ನೋಡಬಹುದು. ತೋಟದ ಸಾಲವನ್ನಂತೂ ಭಾಷೆಯ ಪರೀಕ್ಷೆ ಮುಗಿಯುವವರೆಗೆ ಎತ್ತಬೇಡ ಎಂದು ತಂದೆಗೆ ಖಡಾಖಂಡಿತವಾಗಿ ಹೇಳಿದೆ. ಅವನ ಮುಖ ಸ್ವಲ್ಪ ಬಾಡಿತು. ಇಷ್ಟರಲ್ಲೇ ಏಜೆಂಟನೊಬ್ಬನಿಗೆ ಮುಂಗಡ ಕೊಟ್ಟಾಗಿತ್ತೆಂದು ಆಮೇಲೆ ತಿಳಿಯಿತು.

ಅವಳೀಗ ಮಂಗಳೂರಿನಲ್ಲಿ ಜರ್ಮನ್ ತರಗತಿಗೆ ಹೋಗುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಆ ಭಾಷೆಯಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗವಂತೆ. ತರಗತಿಯವರೆಲ್ಲ ಹುಡುಗಿಯ ವಿಷಯಕ್ಕೆ ತಲೆ ಕೆರೆದುಕೊಂಡರೆ ಹವ್ಯಕರ ಮನೆಯ ಇವಳಿಗೆ ಅದೇ ಸುಲಭವಾಯಿತಂತೆ. "ನಾವು ಮನೆಯಲ್ಲಿ 'ಅಕ್ಕ ಬಂತು' ಎಂದೇ ಹೇಳುವುದಲ್ಲವೇ, ಮಾಸ್ಟ್ರಜ್ಜ?" ಎಂದು ನಕ್ಕಳು.